ಜಾಗಟೆಯ ಸಮೀಕರಣ: ಚತುರ್ಥ ಕ್ರಮದ ಗಣಿತವೂ ಬೆಂಗಳೂರೂ

ಕೊಲಾಬಾದ ತುದಿಯಲ್ಲಿ ಅರಬ್ಬೀ ಸಮುದ್ರಕ್ಕೆ ಮುಖಮಾಡಿ ನಿಂತಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ಮುಂಬಯಿಯ ಹೆಮ್ಮೆಗಳಲ್ಲೊಂದು. ಆದರೆ ಅದರ ತೊಟ್ಟಿಲು ತೂಗಿದುದು ಬೆಂಗಳೂರಿನಲ್ಲಿ. 1945ರ ಜೂನ್ 1ರಂದು ಹೋಮಿ ಭಾಭಾ ಅವರು ಸಂಸ್ಥೆಯ ಕಾರ್ಯವನ್ನು ಆರಂಭಿಸಿದುದು ಅಲ್ಲಿಯ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿ, ತಮ್ಮ ವಿಶ್ವಕಿರಣ ವಿಭಾಗದ ಆಸರೆಯಲ್ಲಿ. ಅದೇ ವರ್ಷದ ಕೊನೆಯಲ್ಲಿ ಅದು ಮುಂಬಯಿಗೆ ಬಂದಿತು. ಡಿಸೆಂಬರ್ 19ರಂದು ಪೆಡ್ಡರ್ ರಸ್ತೆಯ ಕೆನಿಲ್ವರ್ತ್ ಎಂಬ ಬಂಗಲೆಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ಮೂವತ್ತು ವರ್ಷಗಳ ಮೇಲೆ, 1975ರಲ್ಲಿ, ಅದರ ಗಣಿತ ಶಾಖೆಯ ಒಂದು ಕೊಂಬೆ ಮರಳಿ ಬೆಂಗಳೂರಿಗೆ ಹೋಗಿ, ಅದೇ ವಿಜ್ಞಾನ ಮಂದಿರದ ಅಂಗಳದಲ್ಲಿ ಬೇರುಬಿಟ್ಟಿತು. ತವರಿಗೆ ಮರಳಿದ ಈ ಕೊಂಬೆಯಲ್ಲಿ ಮುಂದೆ ಬಿಟ್ಟ ಒಂದು ಫಲದ ಪೂರ್ವೋತ್ತರಗಳೇ ಇಲ್ಲಿಯ ವಿಷಯ.

ಆ ಫಲವು ಒಂದು ನಿಷೇಧಾತ್ಮಕವಾದ ಸತ್ಯ. ದ್ವಿತೀಯ ಕ್ರಮದ ಸಮೀಕರಣಗಳಲ್ಲಿ ನೂರಾರು ವರ್ಷ ಕೈಬಿಡದೆ ನಡೆಸಿಕೊಂಡು ಬಂದ ಒಂದು ನಂಬಿಕೆ, ಚತುರ್ಥ ಕ್ರಮದ ಸಮೀಕರಣಗಳಲ್ಲಿ ಕೈಕೊಡುತ್ತದೆ ಎಂಬುದೇ ಆ ಸತ್ಯ. ಅದು ಮೊದಲು ಪ್ಯಾರಿಸ್ಸಿನಲ್ಲಿ ಒಬ್ಬ ಮಹಾಗಣಿತಜ್ಞರನ್ನು ದಾರಿತಪ್ಪಿಸಿತು. ಸುಮಾರು ನೂರು ವರ್ಷಗಳ ಅನಂತರ ಬೆಂಗಳೂರಿನ ಒಬ್ಬ ಗಣಿತಜ್ಞರು ಭಾಗಿಯಾಗಿದ್ದ ಪ್ರಬಂಧವೊಂದರಲ್ಲಿ ಬೇರೊಂದು ವೇಷದಿಂದ ಎದುರಾಯಿತು.

ಮೊದಲು ಮಾತುಗಳ ಅರ್ಥವನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಒಂದು ರಾಶಿಯು ಎಡೆಯಿಂದ ಎಡೆಗೆ ಬದಲಾಗುವ ಪರಿಯನ್ನು ಹೇಳುವುದು ಅದರ ಮೊದಲನೆಯ ನಿಷ್ಪನ್ನ. ಆ ಬದಲಾವಣೆಯೇ ಬದಲಾಗುವ ಪರಿಯನ್ನು ಹೇಳುವುದು ಎರಡನೆಯ ನಿಷ್ಪನ್ನ. ಹೀಗೆ ನಾಲ್ಕನೆಯ ನಿಷ್ಪನ್ನದವರೆಗೆ ಏರಿದ ಸಮೀಕರಣವನ್ನು ಚತುರ್ಥ ಕ್ರಮದ್ದೆಂದೂ, ಒಂದಕ್ಕಿಂತ ಹೆಚ್ಚು ದಿಕ್ಕುಗಳಲ್ಲಿ ಈ ಬದಲಾವಣೆಯನ್ನು ಎಣಿಸಬೇಕಾದಾಗ ಆಂಶಿಕ ಅವಕಲ ಸಮೀಕರಣವೆಂದೂ ಕರೆಯುವರು. ಎರಡು ಪರಿಹಾರಗಳನ್ನು ಕೂಡಿಸಿದರೆ ಮೂರನೆಯದೊಂದು ಪರಿಹಾರ ದೊರೆಯುವುದಾದರೆ ಅದು ರೇಖೀಯ, ದೊರೆಯದಿದ್ದರೆ ಅರೇಖೀಯ. ‘ವಿಲಕ್ಷಣ ಪರಿಹಾರ’ ಎಂಬ ಮಾತಿಗೆ ಮಾತ್ರ ಗಣಿತದಲ್ಲಿ ಎರಡು ಅರ್ಥಗಳುಂಟು. 1734ರಲ್ಲಿ ಕ್ಲೆರೋ, ಅವರ ತರುವಾಯ ಲಗ್ರಾಂಜ್, ಸಾಮಾನ್ಯ ಸೂತ್ರದ ತೆಕ್ಕೆಗೆ ಸಿಕ್ಕದೆ ಹೊರಗುಳಿಯುವ ಪರಿಹಾರಗಳನ್ನು ಗುರುತಿಸಿದರು. ಅದು ಹಳೆಯ ಅರ್ಥ. ಒಂದು ಬಿಂದುವಿನಲ್ಲಿಯೋ ಒಂದು ಗೆರೆಯ ಮೇಲೆಯೋ ಬೆಲೆ ಮೇರೆಮೀರಿ ಬೆಳೆದು ಅನಂತವಾಗುವ ಪರಿಹಾರವೆಂಬುದು ಹೊಸ ಅರ್ಥ. ಇಲ್ಲಿ ಪ್ರಸ್ತುತವಾದುದು ಎರಡನೆಯದು.

ದ್ವಿತೀಯ ಕ್ರಮಕ್ಕೂ ಚತುರ್ಥ ಕ್ರಮಕ್ಕೂ ಇರುವ ಅಂತರವನ್ನು ತಿಳಿಯಲು ಪುಸ್ತಕವನ್ನು ತೆರೆಯಬೇಕಾಗಿಲ್ಲ. ದೇವಾಲಯಕ್ಕೆ ಹೋದರೆ ಸಾಕು. ಮೃದಂಗದ ಚರ್ಮವು ನಾದ ಕೊಡುವುದು ಅದನ್ನು ಬಿಗಿದು ಕಟ್ಟಿರುವುದರಿಂದ. ಬಾರನ್ನು ಸಡಿಲಿಸಿದರೆ ಅದು ಬರಿಯ ತೊಗಲು. ಅದನ್ನು ಮತ್ತೆ ಸಮತಲಕ್ಕೆ ಎಳೆಯುವ ಬಲ ಹೊರಗಿನ ಬಿಗಿತದ್ದು. ಅದರ ಸಮೀಕರಣ ದ್ವಿತೀಯ ಕ್ರಮದ್ದು. ಜಾಗಟೆಯ ಮಾತು ಬೇರೆ. ಅದನ್ನು ಯಾರೂ ಎಳೆದು ಕಟ್ಟಿಲ್ಲ. ದಾರದಲ್ಲಿ ತೂಗುಬಿಟ್ಟಿದ್ದರೂ ಅದು ಮೊಳಗುತ್ತದೆ. ಬಾಗುವುದಕ್ಕೆ ಕಂಚು ಒಡ್ಡುವ ವಿರೋಧವೇ ಅದರ ಪ್ರಾಣ. ಬಾಗುವಿಕೆಯು ಎರಡನೆಯ ನಿಷ್ಪನ್ನದಿಂದ ಅಳೆಯುವಂಥದು. ಬಾಗುವಿಕೆ ಎಡೆಯಿಂದ ಎಡೆಗೆ ವ್ಯತ್ಯಾಸಗೊಳ್ಳುವುದರಿಂದ ಹುಟ್ಟುವ ಬಲಕ್ಕೆ ಇನ್ನೂ ಎರಡು ನಿಷ್ಪನ್ನಗಳು ಬೇಕು. ಹೀಗೆ ಜಾಗಟೆಯ ಸಮೀಕರಣ ಚತುರ್ಥ ಕ್ರಮದ್ದಾಯಿತು. ಮೃದಂಗ ತಬಲಗಳ ಚರ್ಮದ ಬಗೆಗೆ ಸಿ. ವಿ. ರಾಮನ್ ಅವರು 1920ರಲ್ಲಿ ಸಹಯೋಗಿಯೊಬ್ಬರೊಡನೆ ಬರೆದ ಟಿಪ್ಪಣಿಯನ್ನೂ, ಬೆಂಗಳೂರಿಗೆ ಬಂದಮೇಲೆ ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದ ವಿಸ್ತೃತ ಪ್ರಬಂಧವನ್ನೂ ಬಲ್ಲವರು ಅನೇಕರು. ಕರಣೆಯನ್ನು ಮೆತ್ತುವ ನಮ್ಮ ಕುಶಲಕರ್ಮಿಗಳು ದ್ವಿತೀಯ ಕ್ರಮದ ಸಮೀಕರಣವನ್ನು ಎಷ್ಟು ನಯವಾಗಿ ತಿದ್ದಿದ್ದಾರೆಂಬುದನ್ನು ರಾಮನ್ ತೋರಿಸಿಕೊಟ್ಟರು. ಜಾಗಟೆಗೆ ಅಂತಹ ಭಾಷ್ಯಕಾರರು ನಮ್ಮಲ್ಲಿ ದೊರೆಯದೆ ಹೋದುದು ಒಂದು ಕೊರತೆಯೇ ಸರಿ.

ಯೂರೋಪಿನಲ್ಲಿ ಈ ಸಮೀಕರಣದ ಕಥೆ ಆರಂಭವಾದುದೂ ನಾದದಿಂದಲೇ. ಜರ್ಮನಿಯ ಎರ್ನ್ಸ್ಟ್ ಕ್ಲಾಡ್ನಿ 1787ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಲೋಹದ ಹಲಗೆಯ ಮೇಲೆ ಮರಳನ್ನು ಚೆಲ್ಲಿ ಅಂಚಿಗೆ ಕಮಾನನ್ನು ಎಳೆದರೆ ಮರಳು ರಂಗೋಲಿಯಂತೆ ಸಾಲುಗಟ್ಟುವುದನ್ನು ವರ್ಣಿಸಿದ್ದರು. 1809ರಲ್ಲಿ ಪ್ಯಾರಿಸ್ಸಿನಲ್ಲಿ ಈ ಆಟವನ್ನು ಕಂಡ ನೆಪೋಲಿಯನ್ ಚಕ್ರವರ್ತಿ, ಇದರ ಗಣಿತವನ್ನು ಬಿಡಿಸಿದವರಿಗೆ ಬಹುಮಾನವನ್ನು ಸಾರಿಸಿದನು. ಸ್ಪರ್ಧೆಗೆ 1811ರಲ್ಲಿ ಬಂದ ಪ್ರಬಂಧ ಒಂದೇ ಒಂದು. ಬರೆದವರು ಸೋಫಿ ಜೆರ್ಮೆ ಎಂಬ ಮಹಿಳೆ. ಸ್ತ್ರೀಯಾದ ಕಾರಣ ಯಾವ ವಿದ್ಯಾಲಯದ ಬಾಗಿಲೂ ಅವರಿಗೆ ತೆರೆದಿರಲಿಲ್ಲ. ಮನೆಯಲ್ಲಿ ಕುಳಿತು ತಾವೇ ಕಲಿತ ಗಣಿತ ಅವರದು. ಪ್ರಬಂಧದಲ್ಲಿ ದೋಷಗಳಿದ್ದುವು. ತೀರ್ಪುಗಾರರಲ್ಲೊಬ್ಬರಾದ ಲಗ್ರಾಂಜ್ ಅವುಗಳನ್ನು ತಿದ್ದಿದಾಗ ಮೂಡಿದುದೇ ಹಲಗೆಯ ಸರಿಯಾದ ಚತುರ್ಥ ಕ್ರಮದ ಸಮೀಕರಣ. ಜೆರ್ಮೆ ಎದೆಗುಂದದೆ ಇನ್ನೆರಡು ಬಾರಿ ಬರೆದು ಕಳುಹಿಸಿದರು. 1816ರ ಜನವರಿ 8ರಂದು ಬಹುಮಾನ ಅವರದಾಯಿತು. ಸಭೆಗೆ ಅವರು ಹೋಗಲಿಲ್ಲ. ಹಲಗೆಯ ಅಂಚಿನಲ್ಲಿ ಏನಾಗಬೇಕೆಂಬುದನ್ನು ಸರಿಯಾಗಿ ಗೊತ್ತುಪಡಿಸಲು 1850ರಲ್ಲಿ ಕಿರ್ಖಾಫ್ ಬರಬೇಕಾಯಿತು.

ಇಲ್ಲಿಗೆ ಬಂದಾಗ ಮೇಲೆ ಹೇಳಿದ ನಂಬಿಕೆ ತಲೆಯೆತ್ತುತ್ತದೆ. ಬಿಗಿದ ಚರ್ಮವನ್ನು ಒಂದೆಡೆ ಬೆರಳಿನಿಂದ ಕೆಳಕ್ಕೆ ಒತ್ತಿದರೆ ಅದು ಎಲ್ಲೆಡೆಯೂ ಕೆಳಕ್ಕೇ ಹೋಗುತ್ತದೆ. ಯಾವ ಮೂಲೆಯೂ ಮೇಲೇಳುವುದಿಲ್ಲ. ಗಣಿತಜ್ಞರು ಇದಕ್ಕೆ ಗರಿಷ್ಠ ತತ್ತ್ವವೆಂದು ಹೆಸರಿಟ್ಟಿದ್ದಾರೆ. ಹೊರಗಿನ ಒತ್ತಡವಿಲ್ಲದ ಎಡೆಯಲ್ಲಿ ಪರಿಹಾರವು ತನ್ನ ಅತ್ಯುಚ್ಚ ಬೆಲೆಯನ್ನು ಅಂಚಿನಲ್ಲಲ್ಲದೆ ಒಳಗೆ ಮುಟ್ಟಲಾರದು. ಒಳಗೆಲ್ಲಿಯಾದರೂ ಮುಟ್ಟಿತಾದರೆ ಅದು ಎಲ್ಲೆಡೆಯೂ ಒಂದೇ ಬೆಲೆಯದಾಗಿರಬೇಕು. ದ್ವಿತೀಯ ಕ್ರಮದ ಸಮೀಕರಣಗಳ ಶಾಸ್ತ್ರದ ಬಹುಭಾಗ ಈ ಒಂದು ಗೂಟಕ್ಕೆ ಕಟ್ಟಿದ ಹಗ್ಗ. ಅಂಚನ್ನು ಸುತ್ತಲೂ ಗೋಡೆಯಲ್ಲಿ ಹುಗಿದಂತೆ ಬಿಗಿಹಿಡಿದ ಹಲಗೆಗೂ ಇದೇ ನಿಯಮ ಅನ್ವಯಿಸಬೇಡವೆ? ಇಟಲಿಯ ತೊಮ್ಮಾಸೊ ಬೊಜ್ಜೊ 1905ರಲ್ಲಿ ಗುಂಡಾದ ಹಲಗೆಗೆ ಸೂತ್ರವನ್ನೇ ಬರೆದು, ಅದು ಎಲ್ಲೆಡೆಯೂ ಒತ್ತಿದ ದಿಕ್ಕಿಗೇ ಹೋಗುವುದೆಂದು ತೋರಿಸಿದರು. ಹಲಗೆಗಳ ಸಮತೋಲವನ್ನು ಕುರಿತ ಪ್ರಬಂಧಕ್ಕೆ ಫ್ರಾನ್ಸಿನ ಅಕಾಡೆಮಿಯ ಬಹುಮಾನ ಪಡೆದ ಜಾಕ್ ಅದಮಾರ್ ಅವರು 1908ರಲ್ಲಿ, ಕಟ್ಟುನಿಟ್ಟಾದ ಸಾಧನೆ ಇಲ್ಲದಿದ್ದರೂ, ಒಳದಗ್ಗುಗಳಿಲ್ಲದ ಯಾವ ಆಕೃತಿಗೂ ಇದು ನಿಜವೆಂಬುದರಲ್ಲಿ ಸಂದೇಹ ಕಾಣದೆಂದು ಅಭಿಪ್ರಾಯಪಟ್ಟರು. ಅದಮಾರ್ ಅಲ್ಪರಲ್ಲ, ಅವಿಭಾಜ್ಯ ಸಂಖ್ಯೆಗಳ ಪ್ರಮೇಯವನ್ನು 1896ರಲ್ಲಿ ಸಾಧಿಸಿದ ಇಬ್ಬರಲ್ಲಿ ಒಬ್ಬರು. ಅಂತಹವರ ಮಾತನ್ನು ನಾಲ್ಕು ದಶಕಗಳ ಕಾಲ ಯಾರೂ ಮುರಿಯಲಿಲ್ಲ.

ಮುರಿದುದು 1949ರಲ್ಲಿ, ಅಮೆರಿಕದ ರಿಚರ್ಡ್ ಡಫಿನ್ ಅವರಿಂದ. ಉದ್ದಕ್ಕೆ ಹಬ್ಬಿದ ಪಟ್ಟಿಯಂತಹ ಹಲಗೆಯಲ್ಲಿ ಒಂದೆಡೆ ಒತ್ತಿದರೆ ದೂರದಲ್ಲೊಂದೆಡೆ ಅದು ಮೇಲೇಳುತ್ತದೆಂದು ಅವರು ತೋರಿಸಿದರು. 1951ರಲ್ಲಿ ಪಾಲ್ ಗಾರಬೇಡಿಯನ್ ಅವರು ಅಂಡಾಕಾರದ ಹಲಗೆಗೂ ಇದೇ ಗತಿಯೆಂದರು. ಮೇಲೇಳುವ ಪ್ರಮಾಣ ಅತ್ಯಲ್ಪ, ಕಣ್ಣಿಗೆ ಬೀಳುವಂಥದಲ್ಲ. ಆದರೆ ಗಣಿತದಲ್ಲಿ ಕೂದಲೆಳೆಯ ಸುಳ್ಳೂ ಸುಳ್ಳೇ. ಗರಿಷ್ಠ ತತ್ತ್ವವೆಂಬ ಗೂಟ ಚತುರ್ಥ ಕ್ರಮದ ನೆಲದಲ್ಲಿ ನಾಟುವುದಿಲ್ಲವೆಂಬುದು ಅಂದಿನಿಂದ ಸ್ಪಷ್ಟವಾಯಿತು. ಅದಿಲ್ಲದೆ ಕಟ್ಟುವುದು ಹೇಗೆಂಬುದು ಮಾತ್ರ ಬಹುಕಾಲ ಸ್ಪಷ್ಟವಾಗಲಿಲ್ಲ.

ಈವರೆಗೆ ಹೇಳಿದುದು ರೇಖೀಯ ಸಮೀಕರಣ. ಹಲಗೆಯ ತಗ್ಗುವಿಕೆ ಅದರ ದಪ್ಪಕ್ಕೆ ಹೋಲಿಸಿದರೆ ತೀರ ಕಡಿಮೆಯಾಗಿರುವವರೆಗೆ ಮಾತ್ರ ಅದು ಸಲ್ಲುತ್ತದೆ. ತಗಡಿನಷ್ಟು ತೆಳುವಾದ ಹಲಗೆಯು ತನ್ನ ದಪ್ಪದಷ್ಟೇ ತಗ್ಗಿದಾಗ ಬಾಗುವುದರ ಜೊತೆಗೆ ಹಿಗ್ಗಲೂ ತೊಡಗುತ್ತದೆ. ಠಾಣೆ ಕಲ್ಯಾಣಗಳ ಮಳೆಯಲ್ಲಿ ನೀರು ನಿಂತ ತಗಡಿನ ಮಾಡನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಆಗ ಬಾಗುವಿಕೆಯು ಹಿಗ್ಗುವಿಕೆಯನ್ನೂ ಹಿಗ್ಗುವಿಕೆಯು ಬಾಗುವಿಕೆಯನ್ನೂ ನಿರ್ಧರಿಸುತ್ತ ಎರಡು ಚತುರ್ಥ ಕ್ರಮದ ಸಮೀಕರಣಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. 1907ರಲ್ಲಿ ಆಗುಸ್ಟ್ ಫೋಪ್ಲ್ ಸೂಚಿಸಿದ ದಾರಿಯಲ್ಲಿ ನಡೆದು, 1910ರಲ್ಲಿ ಥಿಯೋಡೋರ್ ಫಾನ್ ಕಾರ್ಮಾನ್ ಇವುಗಳನ್ನು ಪೂರ್ಣರೂಪದಲ್ಲಿ ಬರೆದರು. ಚತುರ್ಥ ಕ್ರಮದ ಅರೇಖೀಯ ಸಮೀಕರಣಗಳಲ್ಲಿ ಮೊದಲ ಹೆಸರು ಇವುಗಳದೇ. ಬದಿಯಿಂದ ಒತ್ತುತ್ತ ಹೋದರೆ ತಗಡು ಒಂದು ಹೊತ್ತಿನವರೆಗೆ ಚಪ್ಪಟೆಯಾಗಿದ್ದು ಥಟ್ಟನೆ ಡೊಂಕಾಗುವುದಕ್ಕೂ, ಹೊಸುಕಿದ ಕಾಗದದಲ್ಲಿ ಚೂಪಾದ ಶಿಖರಗಳೂ ಏಣುಗಳೂ ಮೂಡುವುದಕ್ಕೂ ಇವೇ ಸಾಕ್ಷಿ. ಶಕ್ತಿಯೆಲ್ಲ ಕೆಲವೇ ಬಿಂದುಗಳಿಗೆ, ಕೆಲವೇ ಗೆರೆಗಳಿಗೆ ಹೋಗಿ ಸೇರುವ ಪ್ರವೃತ್ತಿಯನ್ನು ಕೈಯಲ್ಲಿ ಹಿಡಿದು ನೋಡಬೇಕಾದರೆ ಮುದುಡಿದ ಕಾಗದಕ್ಕಿಂತ ಒಳ್ಳೆಯ ಉಪಕರಣವಿಲ್ಲ.

ವಿಮಾನದ ಹೊದಿಕೆಯು ತೆಳುವಾದ ತಗಡೇ ಆದುದರಿಂದ, 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನೂ, 1942ರಲ್ಲಿ ವಿಜ್ಞಾನ ಮಂದಿರದಲ್ಲಿ ವಿಮಾನ ಶಾಸ್ತ್ರದ ವಿಭಾಗವನ್ನೂ, ಅನಂತರ ರಾಷ್ಟ್ರೀಯ ವಿಮಾನ ಪ್ರಯೋಗಾಲಯವನ್ನೂ ಪಡೆದ ಬೆಂಗಳೂರಿಗೆ ಕಾರ್ಮಾನರ ಸಮೀಕರಣಗಳು ದಿನಬಳಕೆಯವೇ ಆದುವು. ಆದರೆ ವಿಲಕ್ಷಣ ಪರಿಹಾರಗಳ ಶುದ್ಧ ಗಣಿತಕ್ಕೆ ಬೆಂಗಳೂರಿನ ಪ್ರವೇಶ ಇದಕ್ಕೂ ಹಿಂದಿನದು. ಅದನ್ನು ಸ್ಮರಿಸದೆ ಮುಂದೆ ಹೋಗುವುದು ಉಚಿತವಲ್ಲ.

1935ರ ಕೊನೆಯಲ್ಲಿ ಮಾಕ್ಸ್ ಬಾರ್ನ್ ಬೆಂಗಳೂರಿಗೆ ಬಂದರು. ಹಿಟ್ಲರನ ಆಳ್ವಿಕೆಯಲ್ಲಿ ಗ್ಯೋಟಿಂಗೆನ್ನಿನ ಪೀಠವನ್ನು ಕಳೆದುಕೊಂಡು ಆಶ್ರಯವನ್ನು ಅರಸುತ್ತಿದ್ದ ಅವರನ್ನು ಕರೆಸಿದವರು ಆಗ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದ ರಾಮನ್. ಬಾರ್ನ್ ಅಲ್ಲಿದ್ದುದು ಒಂದು ಚಳಿಗಾಲ ಮಾತ್ರ. ಅವರನ್ನು ಕಾಯಮ್ಮಾಗಿ ಉಳಿಸಿಕೊಳ್ಳುವ ರಾಮನ್ನರ ಯತ್ನ ಫಲಿಸಲಿಲ್ಲ. 1936ರಲ್ಲಿ ಅವರು ಎಡಿನ್‌ಬರೋಗೆ ತೆರಳಿದರು. ಮುಂದೆ 1954ರಲ್ಲಿ ನೊಬೆಲ್ ಪಾರಿತೋಷಕ ಪಡೆದವರನ್ನು ಬೆಂಗಳೂರು ಹೀಗೆ ಕೈಬಿಟ್ಟುದು ನೆನೆದಾಗಲೆಲ್ಲ ವ್ಯಥೆ ತರುವ ಪ್ರಕರಣ. ಆ ದಿನಗಳಲ್ಲಿ ಬಾರ್ನ್ ಅವರ ಮನಸ್ಸನ್ನು ತುಂಬಿದ್ದ ಪ್ರಶ್ನೆ ಒಂದು ವಿಲಕ್ಷಣ ಪರಿಹಾರದ್ದೇ. ಮ್ಯಾಕ್ಸ್‌ವೆಲ್ಲರ ರೇಖೀಯ ಸಮೀಕರಣಗಳಂತೆ ಎಲೆಕ್ಟ್ರಾನು ಒಂದು ಬಿಂದುವಾಗಿದ್ದರೆ ಅದರ ಸುತ್ತಣ ಕ್ಷೇತ್ರದ ಶಕ್ತಿ ಅನಂತವಾಗುತ್ತದೆ. 1934ರಲ್ಲಿ ಬಾರ್ನ್ ಮತ್ತು ಲೆಯೋಪೋಲ್ಡ್ ಇನ್‌ಫೆಲ್ಡ್ ಆ ಸಮೀಕರಣಗಳನ್ನು ಅರೇಖೀಯವಾಗಿ ತಿದ್ದಿ, ಕ್ಷೇತ್ರವು ಒಂದು ಮಿತಿಯನ್ನು ದಾಟಲಾಗದಂತೆ ಕಟ್ಟುಹಾಕಿದರು. ಬಿಂದುವಿನಲ್ಲಿ ವೈಲಕ್ಷಣ್ಯ ಉಳಿಯಿತು, ಆದರೆ ಶಕ್ತಿ ಪರಿಮಿತವಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬಿ. ಎಸ್. ಮಾಧವರಾಯರು ಈ ಸಿದ್ಧಾಂತವನ್ನು ಕೈಗೆತ್ತಿಕೊಂಡು, ವೈಲಕ್ಷಣ್ಯವು ಬಿಂದುವಿನ ಬದಲು ಬಳೆಯ ಆಕಾರದಲ್ಲಿದ್ದರೆ ಏನಾಗುವುದೆಂಬುದನ್ನು ವಿಚಾರಿಸಿ, 1936ರಲ್ಲಿ ರಾಮನ್ನರ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಈ ಸಮೀಕರಣಗಳು ದ್ವಿತೀಯ ಕ್ರಮದವು, ನಿಜ. ಆದರೆ ವೈಲಕ್ಷಣ್ಯವು ಬಿಂದುವಿನಲ್ಲಿಯೇ ನೆಲೆಸಬೇಕೆ, ಅದಕ್ಕಿಂತ ಹಿರಿದಾದ ಆಕೃತಿಯಲ್ಲಿ ಹರಡಬಾರದೆ ಎಂಬ ಪ್ರಶ್ನೆಯನ್ನು ಕನ್ನಡ ನಾಡಿನಲ್ಲಿ ಕುಳಿತು ಕೇಳಿದ ಮೊದಲಿಗರ ಸಾಲಿನಲ್ಲಿ ಮಾಧವರಾಯರ ಹೆಸರು ಸಲ್ಲಬೇಕು. ಎಪ್ಪತ್ತು ವರ್ಷಗಳ ಮೇಲೆ ಅದೇ ಪ್ರಶ್ನೆ ಅದೇ ಊರಿನಲ್ಲಿ, ಇದಾವುದರ ಸಂಬಂಧವೂ ಇಲ್ಲದೆ, ಮತ್ತೆ ಹುಟ್ಟಿದುದು ಇತಿಹಾಸದ ಒಂದು ವಿನೋದ.

ಇನ್ನು ಮುಂಬಯಿಯ ಕಡೆಗೆ ಬರಬೇಕು. ಟಾಟಾ ಸಂಸ್ಥೆಯ ಗಣಿತ ಶಾಖೆಗೆ 1949ರಲ್ಲಿ ಬಂದ ಕೆ. ಚಂದ್ರಶೇಖರನ್ ಅವರು ಯೂರೋಪಿನ ಪ್ರಮುಖ ಗಣಿತಜ್ಞರನ್ನು ಕರೆಸಿ ತರುಣರಿಗೆ ತಿಂಗಳುಗಟ್ಟಲೆ ಪಾಠ ಹೇಳಿಸುವ, ಆ ಪಾಠಗಳನ್ನು ತರುಣರಿಂದಲೇ ಬರೆಯಿಸಿ ಅಚ್ಚುಹಾಕಿಸುವ ಸಂಪ್ರದಾಯವನ್ನು ಹಾಕಿಕೊಟ್ಟರು. ಹಾಗೆ ಬಂದವರಲ್ಲಿ ಫ್ರಾನ್ಸಿನ ಲೊರಾಂ ಶ್ವಾರ್ಟ್ಸ್ ಒಬ್ಬರು. ಅವರ ಶಿಷ್ಯ ಜಾಕ್-ಲೂಯಿ ಲಿಯೋನ್ಸ್ ಇನ್ನೊಬ್ಬರು. ಲಿಯೋನ್ಸ್ 1957ರಲ್ಲಿ ಮುಂಬಯಿಯಲ್ಲಿ ಆಂಶಿಕ ಅವಕಲ ಸಮೀಕರಣಗಳ ಬಗೆಗೆ ನೀಡಿದ ಉಪನ್ಯಾಸಗಳು ಪುಸ್ತಕವಾಗಿ ಉಳಿದಿವೆ. ಕೊಲಾಬಾದ ಈಗಿನ ಕಟ್ಟಡವನ್ನು ನೆಹರು ಅವರು ಉದ್ಘಾಟಿಸಿದುದು ಅದಕ್ಕೂ ಈಚೆಗೆ, 1962ರ ಜನವರಿ 15ರಂದು. ಇದೇ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರದಲ್ಲಿ ಮೂರು ದಶಕ ದುಡಿದ ಕೆ. ರಾಮಚಂದ್ರ ಅವರು ಮಂಡ್ಯದಲ್ಲಿ ಜನಿಸಿದವರೆಂಬುದನ್ನು, ಪ್ರಸ್ತುತ ವಿಷಯಕ್ಕೆ ಸೇರದಿದ್ದರೂ, ಹೇಳಿಬಿಡಬಹುದು.

ಶುದ್ಧ ಗಣಿತದಲ್ಲಿ ಕೀರ್ತಿ ಗಳಿಸಿದ ಈ ಶಾಖೆಗೆ ಅನ್ವಯದ ಕಡೆ ಒಂದು ಕೈ ಇರಬೇಕೆಂಬ ವಿಚಾರ ಬಲಿತು, 1975ರಲ್ಲಿ ಟಾಟಾ ಸಂಸ್ಥೆ ಮತ್ತು ವಿಜ್ಞಾನ ಮಂದಿರಗಳ ಜಂಟಿ ಯೋಜನೆ ಬೆಂಗಳೂರಿನಲ್ಲಿ ಆರಂಭವಾಯಿತು. ಮುಂದಾಳು ಕೆ. ಜಿ. ರಾಮನಾಥನ್, ಅವರು ಸ್ವತಃ ಸಂಖ್ಯಾಶಾಸ್ತ್ರಜ್ಞರು. ತನ್ನ ವಿಷಯವಲ್ಲದ ವಿಷಯಕ್ಕೆ ನೆಲೆ ಕಟ್ಟಿಕೊಟ್ಟ ಅವರ ಔದಾರ್ಯ ಸ್ಮರಣೀಯ. ಆಗ ಮಂದಿರದ ನಿರ್ದೇಶಕರು ಸತೀಶ ಧವನ್. ಲಿಯೋನ್ಸರ ಮೂಲಕ ಫ್ರೆಂಚ್ ಗಣಿತಜ್ಞರ ನಿತ್ಯಸಂಪರ್ಕ ಒದಗಿತು. ಅವರಲ್ಲಿ ಫಿಲಿಪ್ ಸಿಯಾರ್ಲೆ ಮುಖ್ಯರು. ಕಾರ್ಮಾನರ ಸಮೀಕರಣಗಳು ಎಂಜಿನಿಯರರ ಊಹೆಗಳ ಮೇಲೆ ನಿಂತಿವೆಯೆಂಬ ಆಕ್ಷೇಪ ಬಹುಕಾಲದಿಂದ ಇತ್ತು. ಘನವಸ್ತುವಿನ ಮೂರು ಆಯಾಮಗಳ ಸಿದ್ಧಾಂತದಿಂದ, ದಪ್ಪವನ್ನು ಕ್ರಮಕ್ರಮವಾಗಿ ಕುಗ್ಗಿಸುತ್ತ, ಆ ಸಮೀಕರಣಗಳನ್ನೇ ಪಡೆಯಬಹುದೆಂದು 1980ರಲ್ಲಿ ತೋರಿಸಿ ಅವುಗಳಿಗೆ ಭದ್ರವಾದ ತಳಹದಿ ಹಾಕಿದವರು ಸಿಯಾರ್ಲೆ. ಅವರ 1975ರ ಉಪನ್ಯಾಸಗಳನ್ನು ಟಿಪ್ಪಣಿ ಮಾಡಿದ ತರುಣರಲ್ಲಿ ಎಸ್. ಕೇಶವನ್ ಒಬ್ಬರು, ಕಾರ್ಮಾನರ ಸಮೀಕರಣಗಳ ಪರಿಹಾರಗಳು ಕವಲೊಡೆಯುವ ಎಡೆಯಲ್ಲಿ ಲೆಕ್ಕ ಹಾಕುವ ಕ್ರಮವನ್ನು ಕುರಿತು ಅವರು 1979ರಲ್ಲಿ ಫ್ರೆಂಚ್ ಭಾಷೆಯಲ್ಲಿಯೇ ಪ್ರಬಂಧ ಬರೆದರು. ಆ ಯೋಜನೆ ಕ್ರಮೇಣ ಅನ್ವಯಯೋಗ್ಯ ಗಣಿತ ಕೇಂದ್ರವೆಂಬ ಹೆಸರು ತಳೆದು, ಯಲಹಂಕದ ಬಳಿ ತನ್ನದೇ ಆವರಣಕ್ಕೆ ಹೋಗಿ ನೆಲೆಸಿತು.

ಈ ಕೇಂದ್ರದಲ್ಲಿ ಆದಿಮೂರ್ತಿಯವರು ಬೆಳೆಸಿದ ವಿಷಯದ ಮೂಲ 1853ರಷ್ಟು ಹಿಂದಿನದು. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ ವರ್ಷ ಅದು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಜೋಸೆಫ್ ಲಿಯೂವಿಲ್ ಒಂದು ಪುಟ್ಟ ಸಮೀಕರಣವನ್ನು ಬಿಡಿಸಿದರು. ಅದರ ಒಂದು ಬದಿಗೆ ಅಜ್ಞಾತ ರಾಶಿಯ ಎರಡನೆಯ ನಿಷ್ಪನ್ನಗಳು. ಇನ್ನೊಂದು ಬದಿಗೆ ಆ ರಾಶಿಯೇ ಘಾತಾಂಕವಾಗಿ ಏರಿ ಕುಳಿತ ಪದ. ವಕ್ರಮೈಗಳ ಬಾಗುವಿಕೆಯನ್ನು ನಿರೂಪಿಸುವ ಸಮೀಕರಣವಿದು. ಘಾತಾಂಕದ ಬೆಳವಣಿಗೆ ಎಷ್ಟು ಉಗ್ರವೆಂಬುದನ್ನು ಹೇಳಬೇಕಾಗಿಲ್ಲ. ರಾಶಿ ಸ್ವಲ್ಪ ಏರಿದರೆ ಬಲಬದಿ ಬಹಳ ಏರುತ್ತದೆ; ಅದು ಮತ್ತೆ ರಾಶಿಯನ್ನು ಮೇಲಕ್ಕೆ ಒಯ್ಯುತ್ತದೆ. ಈ ಓಟ ಎಲ್ಲಿ ಕೈಮೀರುವುದೆಂಬುದನ್ನು 1967ರಲ್ಲಿ ನೀಲ್ ಟ್ರುಡಿಂಗರ್ ವಿಚಾರಿಸಿದರು. 1971ರಲ್ಲಿ ಯೂರ್ಗೆನ್ ಮೋಸರ್ ಎರಡು ಆಯಾಮಗಳಲ್ಲಿ ಅದರ ನಿಖರವಾದ ಗಡಿಯನ್ನೇ ಕಂಡುಹಿಡಿದರು: 4π.

ಆ ಗಡಿಯ ಮೇಲೆ ನಡೆಯುವ ಸಮೀಕರಣಗಳ ಅಧ್ಯಯನ ಆದಿಮೂರ್ತಿಯವರ ಮುಖ್ಯ ವ್ಯವಸಾಯವಾಯಿತು; 1990ರಲ್ಲಿ ಪೀಸಾದ ಪತ್ರಿಕೆಯಲ್ಲಿ ಪ್ರಕಟವಾದ ಅವರ ಪ್ರಬಂಧವನ್ನು ಈ ಕ್ಷೇತ್ರದವರು ಇಂದಿಗೂ ಉಲ್ಲೇಖಿಸುತ್ತಾರೆ. ಅತ್ತ 1991ರಲ್ಲಿ ಹಾಯಿಮ್ ಬ್ರೆಜಿಸ್ ಮತ್ತು ಫ್ರಾಂಕ್ ಮೆರ್ಲ್ ಎರಡು ಆಯಾಮಗಳ ಲಿಯೂವಿಲ್ ಸಮೀಕರಣಕ್ಕೆ ಒಂದು ಸೊಗಸಾದ ತೀರ್ಪನ್ನು ಕೊಟ್ಟರು. ಒಟ್ಟು ಮೊತ್ತ ಪರಿಮಿತವಾಗಿರುವ ಪರಿಹಾರಗಳ ಸಾಲೊಂದನ್ನು ತೆಗೆದುಕೊಂಡರೆ, ಅದರೊಳಗಿನ ಒಂದು ಉಪಸಾಲು ಹದ್ದುಮೀರದೆ ಉಳಿಯಬಹುದು. ಎಲ್ಲೆಡೆಯೂ ಋಣ ಅನಂತಕ್ಕೆ ಇಳಿಯಬಹುದು. ಅಥವಾ ಎಣಿಸಬಹುದಾದ ಕೆಲವೇ ಬಿಂದುಗಳಲ್ಲಿ ಮಾತ್ರ ಉಕ್ಕಿ, ಉಳಿದೆಡೆ ಇಳಿಯಬಹುದು. ನಾಲ್ಕನೆಯ ಗತಿಯಿಲ್ಲ. ಹಾಗೆ ಉಕ್ಕುವ ಪ್ರತಿ ಬಿಂದುವಿನಲ್ಲಿ ಸೇರುವ ಮೊತ್ತವು 8πಯ ಪೂರ್ಣ ಗುಣಕವಾಗಿರಬೇಕೆಂದು 1994ರಲ್ಲಿ ಲಿ ಮತ್ತು ಶಾಫ್ರಿರ್ ಸೇರಿಸಿದರು. ನಾಣ್ಯಗಳಂತೆ ಎಣಿಸಬಹುದಾದ ವೈಲಕ್ಷಣ್ಯಗಳು. ಇದಕ್ಕಿಂತ ಅಚ್ಚುಕಟ್ಟಾದ ಸಿದ್ಧಾಂತವನ್ನು ಬಯಸುವುದು ಕಷ್ಟ.

ಈ ಅಚ್ಚುಕಟ್ಟು ನಾಲ್ಕು ಆಯಾಮಗಳಲ್ಲಿಯೂ ಉಳಿಯುವುದೆ? ಅಲ್ಲಿ ಲಿಯೂವಿಲ್ ಸಮೀಕರಣದ ಪಾತ್ರವನ್ನು ವಹಿಸುವುದು ಚತುರ್ಥ ಕ್ರಮದ ಸಮೀಕರಣ; ಎಡಬದಿಗೆ ಜಾಗಟೆಯ ಅದೇ ನಿಷ್ಪನ್ನಗಳು, ಬಲಬದಿಗೆ ಅದೇ ಘಾತಾಂಕ. ನಾಲ್ಕು ಆಯಾಮಗಳ ವಕ್ರಾಕಾಶಗಳಲ್ಲಿ ಈ ಬಗೆಯ ಚತುರ್ಥ ಕ್ರಮದ ಕ್ರಿಯೆಯನ್ನು ಕಂಡುಕೊಂಡ ಅಮೆರಿಕದ ಸ್ಟೀಫನ್ ಪೇನಿಟ್ಸ್ 1983ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಅವರ ಹಸ್ತಪ್ರತಿ ಕೈಯಿಂದ ಕೈಗೆ ಹರಿದಾಡಿ, ಒಂದು ಶಾಸ್ತ್ರಶಾಖೆಯನ್ನೇ ಹುಟ್ಟಿಸಿ, ಅಚ್ಚಾದುದು 2008ರಲ್ಲಿ. ಮೋಸರರ ಗಡಿಗೆ ಸಂವಾದಿಯಾದ ಗಡಿ 32π² ಎಂದು ಡೇವಿಡ್ ಆಡಮ್ಸ್ 1988ರಲ್ಲಿ ಕಂಡುಕೊಂಡರು. 1998ರಲ್ಲಿ ಚಾಂಗ್-ಶೌ ಲಿನ್ ಇಡೀ ಆಕಾಶದ ಮೇಲಣ ಪರಿಹಾರಗಳನ್ನು ವರ್ಗೀಕರಿಸಿದರು. ಅಲ್ಲಿಯೇ ಮೊದಲ ಅಪಶಕುನ. ಎರಡು ಆಯಾಮಗಳಲ್ಲಿ ಪರಿಹಾರಗಳೆಲ್ಲ ಒಂದೇ ಮುಖದವು. ಇಲ್ಲಿ 16π² ಮೊತ್ತದ ಆ ಪರಿಚಿತ ಮುಖದ ಜೊತೆಗೆ, ಅದಕ್ಕಿಂತ ಕಡಿಮೆ ಮೊತ್ತದ ಅಪರಿಚಿತ ಮುಖಗಳೂ ಇದ್ದುವು.

2006ರಲ್ಲಿ ಆದಿಮೂರ್ತಿ, ಫ್ರಾನ್ಸಿನ ಫ್ರೆಡೆರಿಕ್ ರೊಬೆರ್ ಮತ್ತು ಜೂರಿಕ್ಕಿನ ಮಿಖಾಯೆಲ್ ಸ್ಟ್ರೂವೆ ಈ ಮೂವರು ನಾಲ್ಕು ಆಯಾಮಗಳ ಲಿಯೂವಿಲ್ ಸಮೀಕರಣದ ಸಾಂದ್ರೀಕರಣವನ್ನು ಕುರಿತ ಪ್ರಬಂಧವನ್ನು ಯೂರೋಪಿಯನ್ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಹತ್ತೇ ಪುಟಗಳಷ್ಟಿರುವ ಬರೆಹ. ಅದರ ತೀರ್ಮಾನವಿದು: ಪರಿಹಾರಗಳ ಸಾಲು ಹದ್ದುಮೀರಿದಾಗ, ಎಣಿಸಬಹುದಾದ ಬಿಂದುಗಳಲ್ಲದೆ, ಮೂರು ಆಯಾಮಗಳನ್ನು ಮೀರದ ಒಂದು ಹಿರಿಯ ಗಣದ ಮೇಲೆಯೂ ವೈಲಕ್ಷಣ್ಯ ನೆಲೆಸಬಹುದು; ಆ ಗಣದಿಂದಲೂ ಆ ಬಿಂದುಗಳಿಂದಲೂ ಆಚೆಗೆ ಪರಿಹಾರಗಳು ಋಣ ಅನಂತಕ್ಕೆ ಇಳಿಯುತ್ತವೆ. ಬ್ರೆಜಿಸ್ ಮತ್ತು ಮೆರ್ಲ್ ಇಲ್ಲವೆಂದಿದ್ದ ನಾಲ್ಕನೆಯ ಗತಿ ಇಲ್ಲಿ ಇದೆ.

ಹೀಗಾಗಲು ಕಾರಣ ಮಾಧ್ಯಮಿಕ ಶಾಲೆಯ ಲೆಕ್ಕದಷ್ಟು ಸರಳವೆಂಬುದೇ ಇದರ ಸೊಬಗು. x ಎಂಬ ರಾಶಿಯ ವರ್ಗವನ್ನು ತೆಗೆದುಕೊಂಡು ಅದಕ್ಕೆ ಋಣಚಿಹ್ನೆಯನ್ನು ಹಚ್ಚಿರಿ. ಎರಡು ಬಾರಿ ಅವಕಲಿಸಿದರೆ ದೊರೆಯುವುದು −2. ಮತ್ತೆರಡು ಬಾರಿ ಅವಕಲಿಸಿದರೆ ಸೊನ್ನೆ. ಆದುದರಿಂದ ಬಲಬದಿ ಸೊನ್ನೆಯಾಗಿರುವ ಚತುರ್ಥ ಕ್ರಮದ ಸಮೀಕರಣಕ್ಕೆ ಇದೊಂದು ಪರಿಹಾರ. ದ್ವಿತೀಯ ಕ್ರಮದ್ದಕ್ಕೆ ಅಲ್ಲ. ಇದರ ಬೆಲೆ ಎಲ್ಲೆಡೆಯೂ ಋಣ, x ಸೊನ್ನೆಯಾಗಿರುವಲ್ಲಿ ಮಾತ್ರ ಸೊನ್ನೆ. ಎಂದರೆ ತನ್ನ ಅತ್ಯುಚ್ಚ ಬೆಲೆಯನ್ನು ಇದು ಅಂಚಿನಲ್ಲಿ ಮಾತ್ರವಲ್ಲದೆ ಒಳಗೇ ಮುಟ್ಟುತ್ತದೆ. ದ್ವಿತೀಯ ಕ್ರಮದಲ್ಲಿ ಗರಿಷ್ಠ ತತ್ತ್ವ ಖಂಡಿತವಾಗಿ ನಿಷೇಧಿಸಿದ ನಡತೆ ಇದೇ. ಈಗ ಇದನ್ನು ಹಿರಿದಾದ, ಇನ್ನೂ ಹಿರಿದಾದ ಸಂಖ್ಯೆಗಳಿಂದ ಗುಣಿಸುತ್ತ ಹೋದರೆ, x ಸೊನ್ನೆಯಾದೆಡೆ ಬಿಟ್ಟು ಉಳಿದೆಲ್ಲೆಡೆ ಬೆಲೆ ಋಣ ಅನಂತಕ್ಕೆ ಧುಮುಕುತ್ತದೆ. ಘಾತಾಂಕ ಪದವು ಅಲ್ಲೆಲ್ಲ ಅಳಿದುಹೋಗುವುದರಿಂದ ಒಟ್ಟು ಮೊತ್ತ ಪರಿಮಿತವಾಗಿಯೇ ಉಳಿಯುತ್ತದೆ. ತೆಳ್ಳಗಿನ ಒಂದು ಗೋಡೆ ಮಾತ್ರ ಎದ್ದು ನಿಲ್ಲುತ್ತದೆ. ನಾಲ್ಕು ಆಯಾಮಗಳ ಆಕಾಶದಲ್ಲಿ ಆ ಗೋಡೆಗೆ ಮೂರು ಆಯಾಮ. ಎಲ್ಲಿಯೂ ಧನವಾಗದ ಇಂತಹ ಪರಿಹಾರವೊಂದು ಸೊನ್ನೆಯಾಗುವ ಎಡೆಗಳ ಗಣವೇ ಆ ಹಿರಿಯ ವೈಲಕ್ಷಣ್ಯದ ನೆಲೆಯೆಂದು ಮೂವರೂ ನಿಖರವಾಗಿ ಸಾಧಿಸಿದರು. ಅದಮಾರ್ ಅವರನ್ನು 1908ರಲ್ಲಿ ಎಡವಿಸಿದ ಕಲ್ಲೂ ಇದೂ ಒಂದೇ ಬಂಡೆಯ ಚೂರುಗಳು. ವ್ಯತ್ಯಾಸವಿಷ್ಟೆ: ಅಂದು ಕಲ್ಲು ಕಾಣದೆ ಮುಗ್ಗರಿಸಿದರು, ಇಂದು ಅದನ್ನೇ ಕೈಗೆತ್ತಿಕೊಂಡು ಉಪಕರಣವನ್ನಾಗಿ ಮಾಡಿಕೊಂಡರು.

ವಿದ್ವಾಂಸರಲ್ಲಿ ಕೆಲವರಿಗೆ ಇಂತಹ ಫಲಿತಾಂಶಗಳು ರುಚಿಸುವುದಿಲ್ಲ. ಅಚ್ಚುಕಟ್ಟಾದ ಸಿದ್ಧಾಂತವೊಂದು ಮುಂದಿನ ಮೆಟ್ಟಿಲಲ್ಲಿ ಮುರಿದುಬಿದ್ದಿತೆಂದು ಹೇಳುವುದರಿಂದ ಏನು ಲಾಭವೆಂಬ ಆಕ್ಷೇಪ ಅವರದು. ಆದರೆ ಮುರಿದೆಡೆಯ ಗೆರೆಯನ್ನು ಕೊನೆಯವರೆಗೂ ಗುರುತಿಸಿಕೊಟ್ಟಾಗ ಆಕ್ಷೇಪಕ್ಕೆ ಆಸ್ಪದ ಉಳಿಯುವುದಿಲ್ಲ. ಲೂಕಾ ಮಾರ್ತಿನಾಜ್ಜಿ 2009ರಲ್ಲಿ ಇದೇ ತೀರ್ಮಾನವನ್ನು ಆರು, ಎಂಟು ಮೊದಲಾದ ಸಮಸಂಖ್ಯೆಯ ಆಯಾಮಗಳಿಗೂ ಕ್ರಮಗಳಿಗೂ ವಿಸ್ತರಿಸಿದರು. ಆದರೂ ಒಂದು ಸಂಶಯ ಉಳಿದಿತ್ತು. ಮೂವರ ಪ್ರಬಂಧವು ವೈಲಕ್ಷಣ್ಯ ಎಲ್ಲಿ ನೆಲೆಸಬಹುದೆಂಬುದರ ಎಲ್ಲೆಯನ್ನು ಗುರುತಿಸಿತ್ತು. ಆ ಎಲ್ಲೆಯೊಳಗಿನ ಪ್ರತಿಯೊಂದು ಆಕೃತಿಯೂ ನಿಜವಾಗಿ ಒದಗುವುದೆ? ಒದಗುವುದೆಂದು 2018ರಲ್ಲಿ ಅಲಿ ಹೈದರ್, ಸ್ಟೆಫಾನೊ ಯೂಲಾ ಮತ್ತು ಮಾರ್ತಿನಾಜ್ಜಿ ಸಾಧಿಸಿದರು. ಎಲ್ಲಿಯೂ ಧನವಾಗದ ಯಾವ ಪರಿಹಾರವನ್ನು ಮುಂದಿಟ್ಟರೂ, ಅದು ಸೊನ್ನೆಯಾಗುವ ಎಡೆಗಳಲ್ಲಿಯೇ ಸರಿಯಾಗಿ ಉಕ್ಕಿ ಉಳಿದೆಡೆ ಇಳಿಯುವ ಸಾಲೊಂದನ್ನು ಕಟ್ಟಿಕೊಡಬಹುದು. ಈ ಮೂವರಲ್ಲಿ ಹೈದರ್ ಅವರು ಅನಂತರ ಬೆಂಗಳೂರಿಗೆ ಬಂದು, ಯಲಹಂಕದ ಬಳಿಯ ಅದೇ ಕೇಂದ್ರದ ಅಧ್ಯಾಪಕ ವರ್ಗವನ್ನು ಸೇರಿದರು.